ಪುಸ್ತಕ ಕೊಂಡಿರಿ, ಸಂತೋಷ. ಒಮ್ಮೆ ಆ ಗೇಟಿನ ಹತ್ತಿರವೂ ಬನ್ನಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನನ್ನ ಬಗ್ಗೆ ಒಂದು ಸುದ್ದಿ ಬಂತು. ಪುಸ್ತಕ ಮಾರಿದ ದುಡ್ಡಲ್ಲಿ ನಾಯಿಗಳನ್ನು ಉಳಿಸುತ್ತಿರುವ ನಿವೃತ್ತ ಶಿಕ್ಷಕಿ ಅಂತ ಬರೆದಿದ್ದಿರಿ. ಫೋಟೊ ಕೂಡ ಹಾಕಿದ್ದಿರಿ. ಅದಕ್ಕೆ ಕೈಮುಗಿಯುತ್ತೇನೆ. ಅವತ್ತು ಬೆಳಿಗ್ಗೆ ಏಳಕ್ಕೆ ಶುರುವಾದ ಫೋನು ರಾತ್ರಿ ಒಂಬತ್ತಾದರೂ ನಿಲ್ಲಲಿಲ್ಲ. ಕಡೂರು, ಮೂಡಿಗೆರೆ, ಕೊಪ್ಪ, ತರೀಕೆರೆ, ಎಲ್ಲೆಲ್ಲಿಂದಲೋ ನನ್ನ ಹಳೇ ಮಕ್ಕಳು ಮಾತಾಡಿದರು. ಮೂವತ್ತು ವರ್ಷದ ಹಿಂದೆ ಮಗ್ಗಿ ಒಪ್ಪಿಸಿದವರು ಈಗ ತಾವೇ ಅಪ್ಪ ಅಮ್ಮ ಆಗುವ ವಯಸ್ಸಿಗೆ ಬಂದಿದ್ದಾರೆ. ಮೂರು ದಿನದಲ್ಲಿ 46 ಪುಸ್ತಕ ಹೋದವು.

ಎಪ್ಪತ್ತಕ್ಕೂ ಜಾಸ್ತಿ ಫೋನು ಬಂದಿರಬೇಕು. ಹೊಗಳಿದರು, ಹರಸಿದರು, ಕೆಲವರು ಜಗಳವನ್ನೂ ಆಡಿದರು. ಆದರೆ ಅಷ್ಟೂ ಜನರಲ್ಲಿ ಒಬ್ಬರೇ ಒಬ್ಬರು, "ಅಲ್ಲಿರೋ ಒಂದು ನಾಯೀನ ನಮಗೆ ಸಾಕೋಕೆ ಕೊಡ್ತೀರಾ?" ಅಂತ ಕೇಳಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಮೊದಲು ಸುದ್ದಿಯಲ್ಲಿದ್ದ ಎರಡು ತಪ್ಪು ಸರಿಮಾಡಬೇಕು. ನಾಯಿಗಳ ಆಶ್ರಯತಾಣ ನಡೆಸುತ್ತಿರುವುದು ನಾನಲ್ಲ. ಊರಾಚೆ, ಕಡೂರು ರಸ್ತೆ ಕಡೆಯ ಒಂದು ತೋಟದ ಮೂಲೆಯಲ್ಲಿ, ಒಬ್ಬ ಗಂಡ ಹೆಂಡತಿ ತಮ್ಮ ಸ್ವಂತ ಜಾಗದಲ್ಲಿ ಶೆಡ್ಡು ಹಾಕಿ ನಡೆಸುತ್ತಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವ ಹಾಗೆ ನಾಯಿಗಳ ಹೇಲು ಬಾಚಿ, ನೀರು ಹೊಡೆದು, ಆಮೇಲೆ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಹೆಸರು ಗೊತ್ತಾದರೆ ರಾತ್ರಿ ಗೇಟಿನ ಮುಂದೆ ಮರಿಗಳನ್ನು ಬಿಟ್ಟುಹೋಗುವವರು ಜಾಸ್ತಿ ಆಗುತ್ತಾರೆ ಅನ್ನುವ ಭಯ ಅವರಿಗೆ. ಎರಡನೆಯದು, ನನ್ನ ಪುಸ್ತಕ ನಾಯಿಗಳನ್ನು ಉಳಿಸಿತು ಅನ್ನುವ ಮಾತು. ಪುಸ್ತಕದ ದುಡ್ಡು ಔಷಧಿಗೆ, ಆಪರೇಷನ್ನಿಗೆ ಆಯಿತು. ನಾಯಿ ಉಳಿಯೋದು ಒಂದು ಮನೆ ಸಿಕ್ಕಾಗ. ಆ ಕೆಲಸ ಆಗಿಲ್ಲ.

ಪುಸ್ತಕದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಜಾಹೀರಾತು ಆಗುತ್ತದೆ. ಅದರಲ್ಲಿ ಏನಿದೆ ಅಂತ ಮಾತ್ರ ಹೇಳುತ್ತೇನೆ. ನಮ್ಮ ಮನೆಯವರು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ 27 ವರ್ಷ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು, ಆಗಿದ್ದರು. ನಾನು ಅಲ್ಲೇ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ತೋಟದ ಕೆಲಸದವರು ಇರುವ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ, ಸಂಸಾರಕ್ಕೊಂದು ನಾಯಿ. ಹಣ್ಣು ಕೊಯ್ಲು ಮುಗಿದು, ಕೆಲಸದವರು ಗಂಟುಮೂಟೆ ಕಟ್ಟಿ ಲಾರಿ ಹತ್ತಿದರೆ ನಾಯಿಗಳು ಲೈನಿನಲ್ಲೇ ಉಳಿಯುತ್ತಿದ್ದವು. ಮೂರು ನಾಲ್ಕು ದಿನ ಬೀಗ ಹಾಕಿದ ಬಾಗಿಲ ಮುಂದೆ ಮಲಗಿರುತ್ತಿದ್ದವು. ಐದನೇ ದಿನ ನಮ್ಮ ಮನೆ ಹಿತ್ತಿಲಿಗೆ ಬರುತ್ತಿದ್ದವು. ಹಾಗೆ ಬಂದವುಗಳ ಕಥೆಯೇ ಪುಸ್ತಕ. ರಾತ್ರಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಹೋಗುವಾಗ ನಮ್ಮ ಯಜಮಾನರ ಟಾರ್ಚಿನ ಬೆಳಕಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ ಕರಿಯ, ಒಂದು ಮಾಘದ ಚಳಿಯಲ್ಲಿ ಕಣದ ಪಕ್ಕದಿಂದಲೇ ಚಿರತೆ ಬಾಯಿಗೆ ಹೋದ. ಅವರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಅವರು ತೀರಿಕೊಂಡ ಮೇಲೆ ನಾನು ಚಿಕ್ಕಮಗಳೂರಿಗೆ ಬಂದು ಇಲ್ಲಿನ ವಿಜಯಪುರ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದೆ. ಹೊತ್ತು ಹೋಗದೆ ಬರೆಯಲು ಕೂತಾಗ ಮೊದಲು ನೆನಪಿಗೆ ಬಂದವನು ಕರಿಯನೇ.

ಬರೆದದ್ದನ್ನು ಅಚ್ಚು ಹಾಕಿಸುವ ಯೋಚನೆ ಇರಲಿಲ್ಲ. ಟ್ರಂಕಿನಲ್ಲಿತ್ತು. ಅಚ್ಚಿಗೆ ಹೋಗಿದ್ದು 2024ರ ಆಷಾಢದ ಮಳೆಯಿಂದ.

ಬೆಳಿಗ್ಗೆ ವಾಕಿಂಗ್ ಮುಗಿಸಿ ರತ್ನಗಿರಿ ಬೋರೆ ಇಳಿದು ಬರುತ್ತಿದ್ದೆ. ರಸ್ತೆ ಪಕ್ಕದ ಮೋರಿಯಲ್ಲಿ ಗೊಬ್ಬರದ ಚೀಲ, ಬಾಯಿಗೆ ಹುರಿ ಕಟ್ಟಿತ್ತು. ನೀರು ಚೀಲದ ಅರ್ಧಕ್ಕೆ ಬಂದಿತ್ತು. ಚೀಲ ಅಲುಗಾಡಿತು. ಕೊಡೆ ಬಿಸಾಕಿ ಇಳಿದೆ. ಹುರಿ ನೆನೆದು ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಒಳಗೆ ಐದು ಮರಿ. ಕಣ್ಣು ಬಿಟ್ಟು ಹತ್ತು ಹದಿನೈದು ದಿನ ಆಗಿರಬಹುದು. ಐದೂ ಹೆಣ್ಣು. ಗಂಡು ಮರಿಯಾದರೆ ಯಾರಾದರೂ ಕಾವಲಿಗೆ ಅಂತ ಒಯ್ಯುತ್ತಾರೆ, ಹೆಣ್ಣಾದರೆ ಚೀಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಸೆರಗಿನಲ್ಲಿ ಸುತ್ತಿ ಮನೆಗೆ ತಂದೆ. ಒಂದು ತಿಂಗಳು ಚೆನ್ನಾಗಿದ್ದವು. ಆಮೇಲೆ ಒಂದು ಮರಿ ಹಾಲು ಬಿಟ್ಟಿತು. ಸಂಜೆಗೆ ವಾಂತಿ, ರಾತ್ರಿಗೆ ರಕ್ತ ಬೇಧಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯಲ್ಲ. ಡಾಕ್ಟರು ನೋಡಿದ ತಕ್ಷಣ ಪಾರ್ವೊ ಅಂದರು. ಮರಿಯ ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟು ತೋರಿಸಿದರು. ಎತ್ತಿದ ಮಡಿಕೆ ಹಾಗೇ ನಿಂತಿತ್ತು, ಇಳಿಯಲಿಲ್ಲ. ಮೈಯಲ್ಲಿ ನೀರೇ ಇಲ್ಲ ಅಂದರು. ಈ ವೈರಸ್ಸಿಗೆ ನೇರವಾದ ಔಷಧಿ ಇಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೆಚ್ಚಗಿಟ್ಟು, ಮರಿಯ ಮೈಯೇ ಗೆಲ್ಲಲಿ ಅಂತ ಕಾಯಬೇಕು. ಆಗ ಆ ದಂಪತಿಯ ಪರಿಚಯವಾಯಿತು. ಅವರ ಶೆಡ್ಡಿನ ಪಕ್ಕದ ಸೌದೆ ಕೊಟ್ಟಿಗೆಯಲ್ಲಿ, ಬೇರೆ ನಾಯಿಗಳಿಂದ ದೂರ, ಆರು ರಾತ್ರಿ ಕೂತೆವು. ಬಾಟ್ಲಿಗೆ ಬಿಸಿನೀರು ತುಂಬಿ, ನಮ್ಮ ಯಜಮಾನರ ಹಳೇ ಪಂಚೆ ಸುತ್ತಿ, ಮರಿಗಳ ಹೊಟ್ಟೆಗೆ ಒತ್ತಿಡುವುದು. ಗಂಟೆಗೊಮ್ಮೆ ನೀರು ಬದಲಾಯಿಸುವುದು. ಕಾಲಿನ ನರಕ್ಕೆ ಸೂಜಿ ಸಿಗದೆ ಹೋದಾಗ ಬೆನ್ನಿನ ಚರ್ಮದ ಕೆಳಗೆ ಡ್ರಿಪ್ ನೀರು ಬಿಡುತ್ತಿದ್ದರು. ಅಲ್ಲಿ ನಿಂಬೆಹಣ್ಣಿನ ಗಾತ್ರ ಊದಿಕೊಂಡು, ನಿಧಾನಕ್ಕೆ ಕರಗುತ್ತಿತ್ತು. ಕರಗಿದರೆ ಒಳ್ಳೇದು ಅಂತ ಆ ಹೆಣ್ಣುಮಗಳು ಹೇಳಿಕೊಟ್ಟಳು. ನಾನು ಟಾರ್ಚ್ ಹಿಡಿದು ಅದು ಕರಗುವುದನ್ನೇ ನೋಡುತ್ತಿದ್ದೆ.

ಮೂರು ಹೋದವು. ಎರಡು ಉಳಿದವು. ಒಂದು ನನ್ನ ಮನೆಯಲ್ಲಿದೆ, ಚುಕ್ಕಿ. ಇನ್ನೊಂದಕ್ಕೆ ಕೆಂಚಿ ಅಂತ ಹೆಸರಿಟ್ಟೆವು. ನಮ್ಮ ಮನೆಯಲ್ಲಿ ಆಗಲೇ ಒಂದು ಮುದಿ ನಾಯಿ ಇತ್ತು, ಮನೆ ಓನರ್ ಎರಡರ ಮೇಲೆ ಬೇಡ ಅಂದರು. ಕೆಂಚಿ ಅಲ್ಲೇ ಶೆಡ್ಡಿನಲ್ಲಿ ಉಳಿದಳು.

ಆರು ದಿನದ ಖರ್ಚು 11,400 ರೂಪಾಯಿ. ನಾನು ಕೊಟ್ಟೆ. ಕೊಡುವಾಗ ಮೆಡಿಕಲ್ ಅಂಗಡಿಯವರ ಪುಸ್ತಕದಲ್ಲಿ ಆ ದಂಪತಿಯ ಹಳೇ ಸಾಲ ಕಣ್ಣಿಗೆ ಬಿತ್ತು. ಅದು ಎಷ್ಟು ಅಂತ ಇಲ್ಲಿ ಬರೆಯುವುದು ಸರಿಯಲ್ಲ. ಮನೆಗೆ ಬಂದು ಟ್ರಂಕ್ ತೆಗೆದೆ.

2024ರ ನವೆಂಬರ್‌ನಲ್ಲಿ 500 ಪ್ರತಿ ಅಚ್ಚಾಯಿತು. 144 ಪುಟ, ಬೆಲೆ 150 ರೂಪಾಯಿ. ಅಚ್ಚಿನ ಖರ್ಚು 38,000. ಅದು ನನ್ನ ಪಿಂಚಣಿ ದುಡ್ಡು, ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಪುಸ್ತಕದ ವ್ಯವಹಾರ ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿಟ್ಟರೆ ನೂರಕ್ಕೆ ಮೂವತ್ತು ಅವರ ಕಮಿಷನ್, ಬಾಡಿಗೆ ಕರೆಂಟು ಅವರಿಗೂ ಇದೆ, ತಪ್ಪೇನಿಲ್ಲ. ದೂರದವರಿಗೆ ಕಡಿಮೆ ಖರ್ಚಲ್ಲಿ ಕಳಿಸಲು ರಿಜಿಸ್ಟರ್ಡ್ ಬುಕ್ ಪೋಸ್ಟ್ ಅಂತ ಒಂದಿತ್ತು. ನನ್ನ ಪುಸ್ತಕ ಬಂದ ಮರುತಿಂಗಳೇ ಅದು ನಿಂತುಹೋಯಿತು. ಹಾಗಾಗಿ ಕೈಯಿಂದ ಕೈಗೆ ಮಾರಿದ್ದೇ ಜಾಸ್ತಿ. ಮದುವೆ ಮನೆ, ನಾಮಕರಣ, ಕುವೆಂಪು ಕಲಾಮಂದಿರದ ಕಾರ್ಯಕ್ರಮ, ಎಲ್ಲಿ ಹೋದರೂ ಚೀಲದಲ್ಲಿ ಹತ್ತು ಪ್ರತಿ ಇರುತ್ತಿತ್ತು.

ದುಡ್ಡು ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕಲ್ವಾ? ನಿಮ್ಮ ಸುದ್ದಿ ಬರುವ ಮೊದಲಿನ ತಿಂಗಳ ಕೊನೆವರೆಗೆ 412 ಪ್ರತಿ ಹೋಗಿದ್ದವು. ಕೈಯಲ್ಲಿ ಮಾರಿದ್ದು 290, ಅಂಚೆಯಲ್ಲಿ 32, ಅಂಗಡಿಗಳಿಂದ 90. ಅಂಚೆ ಖರ್ಚು ತರಿಸಿಕೊಂಡವರೇ ಕೊಟ್ಟರು. ಬಂದದ್ದು ಒಟ್ಟು 57,750 ರೂಪಾಯಿ. ಅದರಲ್ಲಿ ದೊಡ್ಡ ಪಾಲು, 25,200, ಒಂಬತ್ತು ಹೆಣ್ಣು ನಾಯಿಗಳಿಗೆ ಮರಿ ಆಗದಂತೆ ಮಾಡುವ ಆಪರೇಷನ್ನಿಗೆ ಹೋಯಿತು. ಹನ್ನೊಂದು ಮರಿಗಳಿಗೆ ಪಾರ್ವೊ, ಡಿಸ್ಟೆಂಪರ್ ಬರದಂತೆ ಎರಡೆರಡು ಸಲ ಚುಚ್ಚಿಸಿದ್ದಕ್ಕೆ 12,100. ಜೀಪು ಹತ್ತಿ ಹಿಂಗಾಲು ಮುರಿದ ಒಂದು ನಾಯಿಗೆ ರಾಡ್ ಹಾಕಿಸಲು 9,000. ರೇಬಿಸ್ ಚುಚ್ಚುಮದ್ದು 26 ನಾಯಿಗೆ, 5,200. ಒಂದು ನಾಯಿಗೆ ಮೂತ್ರದ ಜಾಗದಲ್ಲಿ ಹೂಕೋಸಿನ ಹಾಗೆ ಗಡ್ಡೆ ಬೆಳೆದು ರಕ್ತ ಸೋರುತ್ತಿತ್ತು. ನಾಯಿಯಿಂದ ನಾಯಿಗೆ ಅಂಟುವ ಕ್ಯಾನ್ಸರ್ ಅದು. ವಾರಕ್ಕೊಂದರಂತೆ ನಾಲ್ಕು ಇಂಜೆಕ್ಷನ್, 1,800 ರೂಪಾಯಿ. ಮೂರನೇ ವಾರಕ್ಕೇ ಗಡ್ಡೆ ಉದುರಿತು. ಅಷ್ಟು ಸುಲಭಕ್ಕೆ ವಾಸಿಯಾಗುವ ಕಾಯಿಲೆಗೆ ಎಷ್ಟು ನಾಯಿಗಳು ಕಲ್ಲೇಟು ತಿಂದು ಸಾಯುತ್ತವೆ ಅಂತ ನೆನೆದರೆ ಸಂಕಟವಾಗುತ್ತದೆ. ಉಳಿದ 4,450 ಮಳೆಗಾಲದ ಟಾರ್ಪಾಲಿಗೆ ಆಯಿತು. ಊಟಕ್ಕೆ ಪುಸ್ತಕದ ದುಡ್ಡು ಮುಟ್ಟಿಲ್ಲ. ಅಕ್ಕಿ ಗಿರಣಿಯವರೊಬ್ಬರು ನುಚ್ಚು ಕೊಡುತ್ತಾರೆ, ಎರಡು ಕೋಳಿ ಅಂಗಡಿಯವರು ಕತ್ತು ಕಾಲು ಎತ್ತಿಡುತ್ತಾರೆ.

ಹೆಣ್ಣು ನಾಯಿಗಳ ಆಪರೇಷನ್ನಿಗೇ ಯಾಕೆ ಅಷ್ಟು ಅಂತ ಕೆಲವರು ಕೇಳಿದರು. ನಾಯಿ ಬಸಿರು 63 ದಿನ. ಒಂದು ಸೂಲಿಗೆ ನಾಲ್ಕರಿಂದ ಆರು ಮರಿ, ವರ್ಷಕ್ಕೆ ಎರಡು ಸಲ ಈಯಬಹುದು. ಒಂದು ಆಪರೇಷನ್ ಅಂದರೆ ಮೋರಿಗೆ ಬೀಳುವ ಎಷ್ಟು ಚೀಲ ತಪ್ಪಿತು ಅಂತ ನೀವೇ ಲೆಕ್ಕ ಹಾಕಿ. ನನ್ನ ಲೆಕ್ಕದಲ್ಲಿ 19 ಪುಸ್ತಕ ಮಾರಿದರೆ ಒಂದು ಆಪರೇಷನ್.

ಇನ್ನು ಜಗಳ ಆಡಿದವರ ವಿಷಯ. ಒಬ್ಬಳು ತಾಯಿ, ನನ್ನ ಹತ್ತಿರವೇ ಎರಡನೇ ಕ್ಲಾಸು ಓದಿದವಳು, ಫೋನು ಮಾಡಿ ಅತ್ತಳು. "ಮಿಸ್, ನಿಮ್ಮ ಮೇಲೆ ಗೌರವ ಇದೆ. ಆದ್ರೆ ನನ್ನ ಮಗಳ ಮೀನಖಂಡ ಹರಿದು ಹಾಕಿದೆ ನಾಯಿ. ನೀವು ಮಕ್ಕಳ ಪರ ಇರಬೇಕಾದೋರು" ಅಂದಳು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಬಸ್ ಹತ್ತಿ ಅವಳ ಊರಿಗೆ ಹೋದೆ. ಮಗು ಕಾಲು ಚಾಚಿ ಚಾಪೆ ಮೇಲೆ ಕೂತಿತ್ತು. ಕಚ್ಚಿದ ದಿನ ಮನೆಯ ಹಿರಿಯರು ಗಾಯಕ್ಕೆ ಕಾಫಿ ಪುಡಿ ಒತ್ತಿದ್ದರಂತೆ. ಪುಣ್ಯಕ್ಕೆ ಮಾರನೇ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಿದ್ದಾರೆ, ಗಾಯದ ಸುತ್ತ ರೇಬಿಸ್ ತಡೆಯುವ ಸೀರಮ್ ಕೂಡ ಹಾಕಿದ್ದಾರೆ.

ನಿಮ್ಮ ಓದುಗರಿಗೆ ಇದನ್ನು ದಯವಿಟ್ಟು ಹೇಳಬೇಕು. ನಾಯಿ ಕಚ್ಚಿದರೆ ಕಾಫಿ ಪುಡಿ, ಸುಣ್ಣ, ಅರಿಶಿನ, ಖಾರದ ಪುಡಿ ಏನೂ ಬೇಡ. ನಲ್ಲಿ ಬಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಹದಿನೈದು ನಿಮಿಷ ಅಂದರೆ ಗಡಿಯಾರ ನೋಡಿ ಹದಿನೈದು ನಿಮಿಷ. ಆಮೇಲೆ ನೇರ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಉಚಿತ, ಹೇಳಿದ ಎಲ್ಲಾ ದಿನವೂ ತಪ್ಪದೆ ಹೋಗಬೇಕು. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿಸಲು ಆಗುವುದೇ ಇಲ್ಲ ಅನ್ನಬೇಕು. ಹೊತ್ತಿಗೆ ಸರಿಯಾಗಿ ತೊಳೆದು ಚುಚ್ಚಿಸಿದರೆ ಬರುವುದೇ ಇಲ್ಲ ಅನ್ನಬಹುದು. ನಮ್ಮ ರಾಜ್ಯದಲ್ಲಿ ಮನುಷ್ಯರಿಗೆ ರೇಬಿಸ್ ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕು ಅಂತ 2022ರಿಂದ ನಿಯಮ ಇದೆ. ಅಷ್ಟು ದೊಡ್ಡ ವಿಷಯ ಇದು.

ಕಚ್ಚಿದ ನಾಯಿ ಯಾವುದು ಅಂತ ಕೇಳಿದೆ. ಶಾಲೆ ಕಾಂಪೌಂಡಿನ ಹಿಂದೆ ಚರಂಡಿ ಪೈಪಿನಲ್ಲಿ ಆರು ಮರಿ ಹಾಕಿದ ತಾಯಿ ನಾಯಿ. ಮಗುವಿನ ಚೆಂಡು ಪೈಪಿನ ಹತ್ತಿರ ಹೋಗಿದೆ, ಮಗು ತರಲು ಬಗ್ಗಿದೆ. ಆ ನಾಯಿಗೆ ಆಪರೇಷನ್ ಆಗಿದ್ದರೆ ಅಲ್ಲಿ ಮರಿಗಳೇ ಇರುತ್ತಿರಲಿಲ್ಲ, ಕಚ್ಚುವ ಕಾರಣವೂ ಇರುತ್ತಿರಲಿಲ್ಲ. ನಾನು ಅವಳಿಗೆ ಹೇಳಿದ್ದು ಇಷ್ಟೇ: "ನಿನ್ನ ಮಗಳ ಪರ ಇರೋದಕ್ಕೇ ಕಣಮ್ಮ ನಾನು ಆಪರೇಷನ್ನಿಗೆ ದುಡ್ಡು ಹೊಂದಿಸ್ತಿರೋದು." ಅವಳು ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. ಕಾಫಿ ಕೊಟ್ಟಳು, ಬಸ್ ಸ್ಟಾಪಿನವರೆಗೂ ಬಂದಳು. ಒಂದು ಊರಿನ ನೂರರಲ್ಲಿ ಎಪ್ಪತ್ತು ನಾಯಿಗೆ ರೇಬಿಸ್ ಚುಚ್ಚುಮದ್ದು ಬಿದ್ದರೆ ಅಲ್ಲಿ ರೇಬಿಸ್ ಹರಡುವುದು ನಿಲ್ಲುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಗು ಬೇರೆ, ನಾಯಿ ಬೇರೆ ಅಂತ ಎರಡು ಪಕ್ಷ ಮಾಡುವವರು ಇದನ್ನು ಯೋಚಿಸಬೇಕು.

ಈಗ ಈ ವಿಷಯಕ್ಕೆ ಅವಸರ ಬಂದಿದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಹಿಡಿದ ಬೀದಿ ನಾಯಿಗಳಿಗೆ ಆಪರೇಷನ್ ಮತ್ತು ಚುಚ್ಚುಮದ್ದು ಮಾಡಿ ಮತ್ತೆ ಅದೇ ಜಾಗಕ್ಕೆ ಬಿಡಿ ಅಂದಿತು. ರೇಬಿಸ್ ಬಂದವು, ಮೈಮೇಲೆ ಬೀಳುವವು ಬಿಟ್ಟು. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣ, ಇಂಥ ಕಡೆಗಳಿಂದ ಹಿಡಿದ ನಾಯಿಗಳನ್ನು ಆಪರೇಷನ್ ಆದ ಮೇಲೂ ಅಲ್ಲಿಗೆ ಬಿಡಬಾರದು, ಆಶ್ರಯತಾಣದಲ್ಲಿ ಇಡಬೇಕು. ಮಕ್ಕಳು, ರೋಗಿಗಳು ಇರುವ ಜಾಗ, ಕೋರ್ಟಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅದರ ಅರ್ಥ ಏನು ಅಂತ ಊರಿನವರು ಯೋಚಿಸಿದಂತಿಲ್ಲ. 2019ರ ಜಾನುವಾರು ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ 11 ಲಕ್ಷಕ್ಕೂ ಜಾಸ್ತಿ ಬೀದಿ ನಾಯಿಗಳಿದ್ದವು. ಅದರಲ್ಲಿ ಒಂದು ಸಣ್ಣ ಭಾಗ ಒಳಗೆ ಬಂದರೂ ಜೀವ ಇರುವವರೆಗೆ, ಅಂದರೆ ಹತ್ತು ಹನ್ನೆರಡು ವರ್ಷ, ಅವಕ್ಕೆ ಯಾರೋ ದಿನಾ ಅನ್ನ ಹಾಕಬೇಕು. ಒಳಗೆ ಬರುವ ಬಾಗಿಲು ಮಾತ್ರ ಇದ್ದು ಹೊರಗೆ ಹೋಗುವ ಬಾಗಿಲು ಇಲ್ಲದಿದ್ದರೆ ಎಂಥ ಒಳ್ಳೇ ಶೆಡ್ಡೂ ಆರು ತಿಂಗಳಲ್ಲಿ ತುಂಬುತ್ತದೆ. ತುಂಬಿದ ಕಡೆ ನಾಯಿಗಳು ಕಾದಾಡುತ್ತವೆ, ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಪಾರ್ವೊ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಆ ಸೌದೆ ಕೊಟ್ಟಿಗೆಗೆ ಬ್ಲೀಚಿಂಗ್ ಪುಡಿ ಹಾಕಿ ಹಾಕಿ ತೊಳೆದರೂ ಒಂದು ವರ್ಷ ಯಾವ ಮರಿಯನ್ನೂ ಬಿಡಲಿಲ್ಲ.

ದಂಪತಿಯ ಶೆಡ್ಡಿನಲ್ಲಿ ಇವತ್ತು 34 ನಾಯಿಗಳಿವೆ. ಇಪ್ಪತ್ತಕ್ಕೆ ಅಂತ ಕಟ್ಟಿದ್ದು. ಹೋದ ವರ್ಷ ಬಂದವು 29, ಮನೆ ಸೇರಿದವು ಏಳು. ಆ ಏಳರಲ್ಲಿ ಐದು ಜಾತಿ ನಾಯಿಗಳು. ಮೂರು ಲ್ಯಾಬ್ರಡಾರ್, ಒಂದು ಪಗ್, ಒಂದು ಪೊಮೇರಿಯನ್. ಅವುಗಳನ್ನೂ ಯಾರೋ ದುಡ್ಡು ಕೊಟ್ಟು ತಂದು, ವಯಸ್ಸಾಯಿತು, ಚರ್ಮ ಕೆಟ್ಟಿತು, ಊರು ಬದಲಾಯಿತು ಅಂತ ಬಿಟ್ಟವೇ. ಅವು ಬಂದ ವಾರದಲ್ಲೇ ಕೇಳಿಕೊಂಡು ಕಾರು ಬರುತ್ತದೆ. ನಮ್ಮ ಊರಿನ ನಾಯಿಗಳಲ್ಲಿ ಮನೆ ಸೇರಿದ್ದು ಎರಡೇ. ಫೋನು ಮಾಡುವವರು "ಲ್ಯಾಬ್ ಇದ್ಯಾ, ಹಸ್ಕಿ ಇದ್ಯಾ?" ಅನ್ನುತ್ತಾರೆ. ನಾಟಿ ನಾಯಿ ಇದೆ ಅಂದರೆ, "ಓ, ಕಂತ್ರಿನಾ" ಅಂತ ಇಟ್ಟುಬಿಡುತ್ತಾರೆ.

ಆ ಪದ ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ನಮ್ಮ ಕನ್ನಡದಲ್ಲೇ, ಸಾವಿರ ವರ್ಷದ ಹಿಂದೆ, ಒಂದು ನಾಯಿಗೆ ಶಾಸನ ಹಾಕಿಸಿದ್ದಾರೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಅದು, 949–50ರ ಕಾಲದ್ದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರ ಅನ್ನುವ ವೀರ ಯುದ್ಧ ಗೆದ್ದ ಮೇಲೆ, ರಾಜ ಏನು ಬೇಕೋ ಕೇಳು ಅಂದಾಗ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದ. ಕಾಳಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಕಾಳಿಯ ಹೆಸರು ಕಲ್ಲಿನಲ್ಲಿ ಉಳಿಯಿತು. ಇದನ್ನು ನಾನು ಮಕ್ಕಳಿಗೆ ಹೇಳುವಾಗ ಕ್ಲಾಸಿನಲ್ಲಿ ಸದ್ದೇ ಇರುತ್ತಿರಲಿಲ್ಲ. ಹೆಸರಿನಲ್ಲಿ ಏನೋ ಇದೆ. ಶೆಡ್ಡಿನ ರಿಜಿಸ್ಟರಿನಲ್ಲಿ ಮೊದಲು ನಂಬರ್ ಹಾಕುತ್ತಿದ್ದರು. ಈಗ ನಾನು ಹೆಸರು ಬರೆಯುತ್ತೇನೆ. ಬೊಟ್ಟು, ಗೌರಿ, ಸಣ್ಣಪ್ಪ, ಬೆಳ್ಳಿ, ಕೆಂಚಿ.

ನಾಟಿ ನಾಯಿ ಸಾಕಿ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮಳೆ, ನಮ್ಮ ಚಳಿ ಅದರ ಮೈಗೆ ಗೊತ್ತು. ಮೈಕೂದಲು ಸಣ್ಣದು, ನೆನೆದರೂ ಬೇಗ ಒಣಗುತ್ತದೆ. ಮುದ್ದೆ ಹಾಕಿದರೆ ಮುದ್ದೆ, ಅನ್ನ ಮಜ್ಜಿಗೆ ಹಾಕಿದರೆ ಅದೇ. ಒಂದು ಮೊಟ್ಟೆ ಸೇರಿಸಿದರೆ ಹಬ್ಬ. ತೋಟದ ಮನೆಗೆ, ಒಂಟಿ ಮನೆಗೆ ಅದಕ್ಕಿಂತ ಕಾವಲು ಬೇಕಾ? ವರ್ಷಕ್ಕೊಂದು ರೇಬಿಸ್ ಚುಚ್ಚುಮದ್ದು ಹಾಕಿಸಿ, ಉಣ್ಣಿ ಹತ್ತದಂತೆ ನೋಡಿಕೊಂಡರೆ ಸಾಕು. ಆಶ್ರಯತಾಣದಿಂದ ಒಯ್ಯುವ ನಾಯಿಗೆ ಆಪರೇಷನ್, ಚುಚ್ಚುಮದ್ದು ಎರಡೂ ಆಗಿರುತ್ತದೆ. ದುಡ್ಡು ಕೇಳುವುದಿಲ್ಲ. ಕೇಳುವುದು ಎರಡು ಮಾತು: ಇಪ್ಪತ್ತನಾಲ್ಕು ಗಂಟೆ ಸರಪಳಿ ಹಾಕಿ ಕಟ್ಟಬೇಡಿ, ಸಾಕಲು ಆಗದಿದ್ದರೆ ರಸ್ತೆಗೆ ಬಿಡದೆ ವಾಪಸ್ ತನ್ನಿ.

ಸಂಪಾದಕರೇ, ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ಜಿಲ್ಲಾ ಪುಟದಲ್ಲಿ ಕಳೆದುಹೋದ ಪಾಸ್‌ಬುಕ್ಕಿನಿಂದ ಹಿಡಿದು ಹಳೇ ಟ್ರ್ಯಾಕ್ಟರ್‌ವರೆಗೆ ಎಲ್ಲದಕ್ಕೂ ಜಾಗ ಇದೆ. ವಾರಕ್ಕೊಮ್ಮೆ, ಒಂದು ಮೂಲೆಯಲ್ಲಿ, ಮನೆಗೆ ಕಾಯುತ್ತಿರುವ ಒಂದು ನಾಯಿಯ ಫೋಟೊ ಹಾಕಿ. ಹೆಸರು, ವಯಸ್ಸು, ಮಕ್ಕಳ ಜೊತೆ ಹೇಗಿರುತ್ತದೆ ಅನ್ನುವ ಒಂದು ಸಾಲು. ನಾನೇ ಬರೆದು ಕೊಡುತ್ತೇನೆ, ಬುಧವಾರದೊಳಗೆ ನಿಮ್ಮ ಕಚೇರಿಗೆ ತಂದು ತಲುಪಿಸುತ್ತೇನೆ. ಇನ್ನು ಊರಾಡಳಿತ ನಡೆಸುವವರಲ್ಲಿ ಕೇಳುವುದು: ಬೀದಿ ನಾಯಿಗಳ ಆಪರೇಷನ್ ಜವಾಬ್ದಾರಿ ಸ್ಥಳೀಯ ಸಂಸ್ಥೆಗಳದ್ದು ಅಂತ 2023ರ ಕೇಂದ್ರದ ನಿಯಮ ಹೇಳುತ್ತದೆ. ಕೋರ್ಟಿನ ಆದೇಶದಂತೆ ಆಶ್ರಯತಾಣ ಕಟ್ಟುವಾಗ ಊರಾಚೆ ಯಾರಿಗೂ ಕಾಣದ ಕಡೆ ಕಟ್ಟಬೇಡಿ. ಬಸ್ಸು ಹೋಗುವ ಕಡೆ ಕಟ್ಟಿ. ಭಾನುವಾರ ಜನರಿಗೆ ಬಾಗಿಲು ತೆರೆದಿಡಿ. ಮರಿಗಳಿಗೆ ಬೇರೆ ಕೋಣೆ ಇರಲಿ. ನಮ್ಮ ಪಕ್ಕದ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿಯವರ ಸಲಹೆ ಕೇಳಿ.

ಪುಸ್ತಕ ಬೇಕು ಅಂದವರಿಗೆ ಇನ್ನು ಕೆಲವೇ ಪ್ರತಿ ಉಳಿದಿವೆ. ಎರಡನೇ ಮುದ್ರಣ ಮಾಡಿಸಿ ಅಂತ ಮಗ ಹೇಳುತ್ತಿದ್ದಾನೆ. ಮಾಡಿಸುತ್ತೇನೆ. ಆದರೆ ಪುಸ್ತಕ ಕೇಳಿ ಫೋನು ಮಾಡುವವರಿಗೆ ಇನ್ನು ಮೇಲೆ ನಾನೂ ಒಂದು ಮಾತು ಕೇಳುತ್ತೇನೆ, ಭಾನುವಾರ ಬಿಡುವಿದೆಯಾ ಅಂತ. ನನ್ನ ನಂಬರ್ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ಕೊಡಿ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆವರೆಗೆ ನಾನು ಅಲ್ಲಿರುತ್ತೇನೆ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಮೈಮೇಲೆ ಹಾರುತ್ತವೆ. ಮಕ್ಕಳನ್ನೂ ಕರೆತನ್ನಿ. ಬಂದ ತಕ್ಷಣ ಕೈ ಚಾಚಬೇಡಿ, ಸುಮ್ನೆ ಕಲ್ಲುಬೆಂಚಿನ ಮೇಲೆ ಹತ್ತು ನಿಮಿಷ ಕೂರಿ.

ಗಾಡಿ ಸದ್ದು ಕೇಳಿದರೆ ಕೆಂಚಿ ಎಲ್ಲಿದ್ದರೂ ಗೇಟಿಗೆ ಓಡಿ ಬರುತ್ತಾಳೆ. ಗೇಟಿನ ಕೆಳಗಡೆ ಒಂದು ಸರಳು ಬಿಟ್ಟಿದೆ, ಆ ಸಂದಿಯಲ್ಲಿ ತಲೆ ತೂರಿಸಿ ನಿಲ್ಲುತ್ತಾಳೆ. ಒಂದೂವರೆ ವರ್ಷದಿಂದ ಹಾಗೇ ನಿಂತು ನಿಂತು ಕತ್ತಿನ ಎರಡೂ ಕಡೆ ಕೂದಲು ಸವೆದಿದೆ. ಬಂದವರು ಪಗ್ ನೋಡಿ, ಲ್ಯಾಬ್ ನೋಡಿ, ವಾಪಸ್ ಗಾಡಿ ಹತ್ತುವಾಗಲೂ ಅವಳು ಅಲ್ಲೇ ಇರುತ್ತಾಳೆ. ಗಾಡಿ ತಿರುವು ದಾಟಿದ ಮೇಲೆ ತಲೆ ಒಳಗೆ ತೆಗೆದುಕೊಳ್ಳುತ್ತಾಳೆ. ಕೆಂಪು ಮೈ, ಬಾಲದ ತುದಿ ಬಿಳಿ. ಒಂದು ಕಿವಿಯ ತುದಿ ಸ್ವಲ್ಪ ಕತ್ತರಿಸಿದೆ. ಗಾಯ ಅಂದುಕೊಳ್ಳಬೇಡಿ, ಅದು ಆಪರೇಷನ್ ಆಗಿದೆ ಅನ್ನುವ ಗುರುತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ವಿಜಯಪುರ, ಚಿಕ್ಕಮಗಳೂರು